ಬೆರಳಿನ ತಪ್ಪು

ದನಿ ಕಳೆದುಕೊಂಡವರು ಬೆರಳಿನಿಂದಲೇ, ನಾವು ನೀವು ಮಾತಾಡುವಷ್ಟು ವೇಗವಾಗಿ ಮಾತಾಡುವಂತಾದರೆ? ಈ ಒಂದು ಪ್ರಶ್ನೆಗೆ ಚನ್ನವೀರ ಹಂಚಿನಾಳ ತನ್ನ ತಲೆಗೂದಲಿನ ಅರ್ಧದಷ್ಟನ್ನು ಬಲಿ ಕೊಟ್ಟಿದ್ದ. ಹುಬ್ಬಳ್ಳಿಯ ವಾಣಿ ಪುನರ್ವಸತಿ ಕೇಂದ್ರದಲ್ಲಿ ಅವನು ಹಿರಿಯ ಇಂಜಿನಿಯರ್. ಕ್ಯಾನ್ಸರಿಗೆ ಗಂಟಲು ಕೊಯ್ಯಿಸಿಕೊಂಡವರು, ಲಕ್ವ ಹೊಡೆದು ನಾಲಿಗೆ ಬಿದ್ದುಹೋದವರು ಅಲ್ಲಿಗೆ ಬರುತ್ತಿದ್ದರು.

ಅವನಿಗಿಂತ ಮುಂಚಿನವರು ಒಬ್ಬೊಬ್ಬ ರೋಗಿಗೂ ಅವರವರ ಬೆರಳಿಗೆ ಒಗ್ಗುವಂತೆ ಅಕ್ಷರಗಳನ್ನು ಹೊಂದಿಸಿ ಬೇರೆ ಬೇರೆ ಕೀಬೋರ್ಡ್ ಮಾಡಿಕೊಡುತ್ತಿದ್ದರು. ಒಬ್ಬರದು ಇನ್ನೊಬ್ಬರಿಗೆ ಬಾರದು, ಕಲಿಸುವವರಿಗೂ ತಲೆನೋವು. ಅದೂ ಹೋಗಲಿ ಎಂದರೆ, ಅಕ್ಷರಗಳನ್ನು ಹೇಗೆ ಹೊಂದಿಸಿದರೂ ಒತ್ತುವುದು ಒಂದೊಂದನ್ನೇ ತಾನೆ! ಬಾಯಾರಿದವನು ನೀರು ಕೇಳಿ ಮುಗಿಸುವಷ್ಟರಲ್ಲಿ ಎದುರಿನವರು ನೀರು, ಚಹಾ ಎರಡನ್ನೂ ತಂದಿಟ್ಟು ತಮ್ಮ ಕೆಲಸಕ್ಕೆ ಹೋಗಿರುತ್ತಿದ್ದರು. ಕಾಯುವ ತಾಳ್ಮೆ ಯಾರಿಗಿದೆ ಈ ಊರಲ್ಲಿ?

ಚನ್ನವೀರ ಆ ದಾರಿಯನ್ನೇ ಬಿಟ್ಟ. ಕೋರ್ಟುಗಳಲ್ಲಿ ಶೀಘ್ರಲಿಪಿ ಬರೆಯುವ ಯಂತ್ರವೊಂದಿದೆ, ಅದರ ಕೀಲಿಗಳು ಕೆಲವೇ. ಒಂದೊಂದಾಗಿ ಒತ್ತದೆ ನಾಲ್ಕೈದು ಬೆರಳನ್ನು ಒಟ್ಟಿಗೇ ಒತ್ತಿ ಒಟ್ಟಿಗೇ ಎತ್ತಬೇಕು, ಹಾರ್ಮೋನಿಯಂ ಮೇಲೆ ಸ್ವರ ಕೂಡಿಸುವ ಹಾಗೆ. ಅವನು ಅದನ್ನು ಕನ್ನಡಕ್ಕೆ ಒಗ್ಗಿಸಿದ. ಎಡಗೈಗೆ ವ್ಯಂಜನ, ಹೆಬ್ಬೆರಳುಗಳಿಗೆ ಸ್ವರ, ಬಲಗೈಗೆ ಒತ್ತಕ್ಷರ ಮತ್ತು ವಿಭಕ್ತಿ. ಒಂದು ಮೀಟಿಗೆ ಒಂದು ಅಕ್ಷರ, ಬಳಕೆಯ ಪದವಾದರೆ ಇಡೀ ಪದ, ದಿನವೂ ಆಡುವ ಮಾತಾದರೆ ಇಡೀ ವಾಕ್ಯ. ಅವನು ಅದಕ್ಕೆ ಮೀಟುಪೆಟ್ಟಿಗೆ ಎಂದು ಹೆಸರಿಟ್ಟ. ಜನ ಬರೀ ಪೆಟ್ಟಿಗೆ ಎಂದರು. ಆರು ತಿಂಗಳು ಕಲಿತವರು ಅದರಲ್ಲಿ ಜಗಳವನ್ನೂ ಆಡಬಹುದು ಎಂದು ಅವನು ಜಂಬ ಕೊಚ್ಚುತ್ತಿದ್ದ. ಆ ಜಂಬದ ಮಾತು ನೆನಪಿಗೆ ಬಂದರೆ ಈಗ ಅವನಿಗೆ ಅನ್ನ ಇಳಿಯುವುದಿಲ್ಲ.

ಪೆಟ್ಟಿಗೆ ಇನ್ನೂ ಅರೆಬರೆಯಾಗಿದ್ದಾಗಲೇ ಅವನ ಹೆಂಡತಿ ಕಸ್ತೂರಿಯ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಅವಳು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಪಾಠ ಮಾಡುವಾಗ ಅವಳ ದನಿ ರಸ್ತೆಯ ಆಚೆಯ ಪಂಕ್ಚರ್ ಅಂಗಡಿಯವರೆಗೂ ಕೇಳುತ್ತಿತ್ತು. ಗಂಟಲು ಕೊಯ್ಯುವ ಮೊದಲು ಚನ್ನವೀರ ಆ ದನಿಯನ್ನು ಧ್ವನಿಮುದ್ರಿಸಿ ಇಟ್ಟುಕೊಂಡ. ಹೀಗಾಗಿ ಅವಳ ಪೆಟ್ಟಿಗೆ ಅವಳದೇ ದನಿಯಲ್ಲಿ ಮಾತಾಡಿತು. ಮೊದಲ ಸಲ ಅದು "ಏನ್ ನೋಡ್ತೀರಿ ಹಂಗ?" ಎಂದಾಗ ಗಂಡ ಹೆಂಡತಿ ಇಬ್ಬರೂ ಅತ್ತರು. ಅಷ್ಟು ಮಟ್ಟಿಗೆ ಅವನು ಒಳ್ಳೆಯ ಗಂಡನೇ, ಅದನ್ನು ಇಲ್ಲ ಎನ್ನಲಾಗದು.

ಕಸ್ತೂರಿ ಶಾಲೆಗೆ ಮರಳಿದಳು, ಮೂರು ವಾರ ಹೋದಳು. ಒಂದು ದಿನ ಕಿರುಪರೀಕ್ಷೆಯಲ್ಲಿ ಹುಡುಗಿಯೊಬ್ಬಳು ಪಕ್ಕದವಳನ್ನು ನೋಡಿ ಬರೆಯುತ್ತಿದ್ದುದು ಕಣ್ಣಿಗೆ ಬಿತ್ತು. ಎದ್ದು ನಿಲ್ಲು ಎಂದು ಮೀಟಿದಳು. ಪೆಟ್ಟಿಗೆ ಅವಳದೇ ದನಿಯಲ್ಲಿ, ಎಲ್ಲಿಲ್ಲದ ವಿನಯದಿಂದ, "ಇರಲಿ ಬಿಡ್ರಿ" ಎಂದಿತು. ಇಡೀ ತರಗತಿ ಗೊಳ್ಳೆಂದಿತು. ಮತ್ತೆ ಮೀಟಿದಳು. ಮತ್ತೆ "ಇರಲಿ ಬಿಡ್ರಿ". ನಕ್ಕ ಮಕ್ಕಳಿಗೆ ಬೈಯಲು ಹೋದರೆ ಅದಕ್ಕೂ "ಇರಲಿ ಬಿಡ್ರಿ". ಆಮೇಲೆ ಕಾರಿಡಾರಿನಲ್ಲಿ ಅವಳು ಕಂಡರೆ ಸಾಕು, ಯಾರೋ ಒಬ್ಬಳು ಹಿಂದಿನಿಂದ ಆ ಎರಡು ಪದ ಹೇಳಿ ಓಡುತ್ತಿದ್ದಳು.

ಆ ಕಿರುಪರೀಕ್ಷೆಯ ದಿನ ಮನೆಗೆ ಬಂದವಳೇ ಕಾಗದದ ಮೇಲೆ "ನಾನು ಹೇಳಿದ್ದು ಅದಲ್ಲ" ಎಂದು ಬರೆದು ಗಂಡನ ಮುಂದೆ ಹಿಡಿದಳು.

ಚನ್ನವೀರ ಅವಳ ಕೈ ಹಿಡಿದು ನೋಡಿದ. "ನಿನ್ನ ಬೆರಳು ನಡಗತಾವ ಕಸ್ತೂರಿ. ಪ್ರ್ಯಾಕ್ಟೀಸ್ ಸಾಲದು. ಒಂದ್ ಬೆರಳು ಆಕಡೆ ಈಕಡೆ ಬಿದ್ರ ಪೆಟ್ಟಿಗಿ ಏನ್ ಮಾಡೀತು, ಪಾಪ?" ಎಂದ.

ಹೆಂಡತಿಗೆ ಹೇಳಬೇಕಿದ್ದ ಪಾಪ ಅನ್ನುವ ಮಾತನ್ನು ಅವನು ಪೆಟ್ಟಿಗೆಗೆ ಹೇಳಿದ್ದ. ಅವಳು ನಂಬಿದಳು. ಗಂಡನೆಂದು ನಂಬಿದ್ದಲ್ಲ, ಆ ಪೆಟ್ಟಿಗೆ ಮಾಡಿದವನೇ ಹೇಳುತ್ತಿದ್ದಾನಲ್ಲ ಎಂದು. ಲೆಕ್ಕ ತಪ್ಪಿದರೆ ಲೆಕ್ಕದ್ದಲ್ಲ, ಮಾಡಿದವರದೇ ತಪ್ಪು ಎಂದು ಮಕ್ಕಳಿಗೆ ಹೇಳಿಕೊಂಡು ಬಂದವಳು ಅವಳು. ಶಾಲೆಗೆ ರಜೆ ಹಾಕಿ ಅಭ್ಯಾಸಕ್ಕೆ ಕೂತಳು. ಊಟದ ಮೇಜಿನ ಅಂಚಿನ ಮೇಲೆ, ಬಸ್ಸಿನ ಕಂಬಿಯ ಮೇಲೆ, ಟಿ.ವಿ. ನೋಡುವಾಗ ಸ್ವಂತ ತೊಡೆಯ ಮೇಲೆ ಅವಳ ಬೆರಳು ಆಡುತ್ತಲೇ ಇರುತ್ತಿದ್ದವು. ರಜೆ ಬೆಳೆಯುತ್ತ ಹೋಯಿತು, ವರ್ಷ ಕಳೆದು ಇನ್ನೊಂದು ವರ್ಷವಾಯಿತು. ಬರುವ ಶನಿವಾರದೊಳಗೆ ಕೆಲಸಕ್ಕೆ ಬರುತ್ತೀರೋ ರಾಜೀನಾಮೆ ಕೊಡುತ್ತೀರೋ ತಿಳಿಸಿ ಎಂದು ಆಡಳಿತ ಮಂಡಳಿಯವರು ಕೇಳಿದ್ದರು. ಕೇಳಿದ್ದರಲ್ಲಿ ತಪ್ಪೂ ಇರಲಿಲ್ಲ.

ಆ ವಾರದಲ್ಲೇ ಅವಳ ಪೆಟ್ಟಿಗೆಯ ಕೀಲಿಯೊಂದು ಸಿಕ್ಕಿಹಾಕಿಕೊಂಡಿತು. ಚನ್ನವೀರ ಅದನ್ನು ರಿಪೇರಿಗೆಂದು ಕೇಂದ್ರದಲ್ಲಿ ಬಿಟ್ಟು ಬಂದ. ರಾತ್ರಿ ಊಟಕ್ಕೆ ಕೂತಾಗ ಕಸ್ತೂರಿ ಅವನ ಎಡ ಮುಂಗೈಯನ್ನು ಎಳೆದು ಮೇಜಿನ ಮೇಲಿಟ್ಟು, ಅದರ ಮೇಲೆ ತನ್ನ ಹತ್ತೂ ಬೆರಳನ್ನು ಇಟ್ಟಳು. ಇದೇನು ಹುಡುಗಾಟ ಎಂದುಕೊಳ್ಳುವಷ್ಟರಲ್ಲಿ ಬೆರಳು ಮೀಟಿದವು. ಯಾವ ಮೀಟಿಗೆ ಯಾವ ಮಾತು ಎಂದು ಹೆಣೆದವನು ತಾನೇ ಆದ್ದರಿಂದ ಅವನಿಗೆ ಓದಲು ಬಂತು. ಪಲ್ಯಕ್ಕೆ ಉಪ್ಪು ಕಡಿಮೆ ಆಗೇತಿ ಎನ್ನುತ್ತಿದ್ದಳು. ಅವನು ಜೋರಾಗಿ ನಕ್ಕ. ಎರಡು ವರ್ಷ ಪೆಟ್ಟಿಗೆಗೆ ಕಿವಿ ಕೊಟ್ಟು ಕೂತವನು ಅವಳ ಬೆರಳನ್ನು ಓದಿದ್ದು ಅದೇ ಮೊದಲು.

ಆ ಖುಷಿಯಲ್ಲಿಯೇ ಹೇಳಿದ: "ರಾಜೀನಾಮೆ ಕೊಟ್ಟ್ ಆರಾಮ ಇದ್ದುಬಿಡು. ಆ ಹುಡುಗ್ಯಾರ ಕಾಟ ಯಾಕ ಬೇಕು ನಿನಗ?"

ಅವಳ ಬೆರಳು ಮತ್ತೆ ಬಿದ್ದವು, ಈ ಸಲ ಚರ್ಮ ಕೆಂಪಾಗುವಷ್ಟು ಜೋರಾಗಿ. ನನಗ ಸಾಲಿ ಬೇಕು.

ಚನ್ನವೀರನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಪೆಟ್ಟು ಜೋರಾಗಿತ್ತು, ಆದರೆ ಒಂದು ಬೆರಳೂ ನಡುಗಿರಲಿಲ್ಲ. ಎಲ್ಲ ಒಟ್ಟಿಗೇ ಇಳಿದು ಒಟ್ಟಿಗೇ ಎದ್ದಿದ್ದವು. ತರಬೇತಿಯವರಿಗೆ ತೋರಿಸಲು ಇಂಥದೊಂದು ಮೀಟು ಸಿಕ್ಕಿದ್ದರೆ ಅವನೇ ಶಹಬ್ಬಾಸ್ ಎನ್ನುತ್ತಿದ್ದ. ಹಾಗಾದರೆ ಪೆಟ್ಟಿಗೆ ಇಷ್ಟು ದಿನ ಕೇಳಿಸಿಕೊಂಡದ್ದಾದರೂ ಏನನ್ನು?

ಉತ್ತರ ಅವನಿಗೆ ಗೊತ್ತಿತ್ತು. ಅದಕ್ಕೇ ಆ ಪಲ್ಯ ಮುಂದೆ ರುಚಿಸಲಿಲ್ಲ.

ಮರುದಿನ ಲ್ಯಾಬಿನ ಬಾಗಿಲು ಹಾಕಿಕೊಂಡು ಕಸ್ತೂರಿಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡ. ಹಗುರವಾಗಿ ಮೀಟಿದ. "ನನಗ ಸಾಲಿ ಬೇಕು" ಎಂದಿತು ಪೆಟ್ಟಿಗೆ. ಅದೇ ಕೀಲಿಗಳು, ಅದೇ ಬೆರಳು, ಜೋರಾಗಿ ಮೀಟಿದ. "ಇರಲಿ ಬಿಡ್ರಿ." ಇನ್ನೊಮ್ಮೆ ಜೋರಾಗಿ. "ಇರಲಿ ಬಿಡ್ರಿ."

ಹೆಂಡತಿಯ ದನಿ ಅವನನ್ನು ಪದೇ ಪದೇ ಕ್ಷಮಿಸುತ್ತಿತ್ತು.

ನಡೆದದ್ದಿಷ್ಟು. ಸರ್ಕಾರದ ತಜ್ಞರು ಪೆಟ್ಟಿಗೆಯನ್ನು ಪರೀಕ್ಷಿಸಲು ಬರುವ ಮುಂಚೆ ರೋಗಿಗಳ ಮೀಟುಗಳಲ್ಲಿ ತಪ್ಪುಗಳು ಬಹಳ ಇದ್ದವು. ಲಕ್ವದವರ ಬೆರಳು ನಡುಗುವುದು ಸಹಜ. ಆಗ ಚನ್ನವೀರ ಒಂದು ಉಪಾಯ ಸೇರಿಸಿ ಅದಕ್ಕೆ ಸವರಿಕೆ ಎಂದ. ಮೀಟು ನಡುಗಿದೆ ಎನ್ನಿಸಿದರೆ ಪೆಟ್ಟಿಗೆ ಅದನ್ನು ಹಾಗೇ ಆಡುವುದಿಲ್ಲ, ಅದನ್ನು ಹೋಲುವ ಅಕ್ಕಪಕ್ಕದ ಮೀಟುಗಳಲ್ಲಿ ಎಲ್ಲರೂ ಹೆಚ್ಚಾಗಿ ಆಡುವ ಮಾತು ಯಾವುದೋ ಅದನ್ನು ಆಡುತ್ತದೆ. ನಡುಗಿದ್ದು ಗೊತ್ತಾಗುವುದು ಹೇಗೆ? ನಡುಗುವ ಬೆರಳು ಅಂದಾಜು ತಪ್ಪಿ ಜೋರಾಗಿ ಬೀಳುತ್ತದೆ. ಜೋರಾಗಿ ಬಿದ್ದದ್ದೆಲ್ಲ ನಡುಕ ಎಂದು ಅವನು ಪೆಟ್ಟಿಗೆಗೆ ಕಲಿಸಿಬಿಟ್ಟ. ಮನುಷ್ಯರು ಸಿಟ್ಟು ಬಂದಾಗಲೂ ಜೋರಾಗಿ ಒತ್ತುತ್ತಾರೆ, ದುಃಖವಾದಾಗಲೂ, ಜೀವ ಹೋಗುವಂಥ ಅವಸರದಲ್ಲೂ. ಇದು ಹೊಳೆಯದಷ್ಟು ದಡ್ಡನಲ್ಲ ಅವನು. ಪರೀಕ್ಷೆಯ ದಿನ ಹತ್ತಿರವಿತ್ತು, ಹೊಳೆದದ್ದನ್ನು ಪಕ್ಕಕ್ಕಿಟ್ಟ.

ಇನ್ನು ಮಾತು ಕಳೆದುಕೊಂಡವರು ಎಲ್ಲಕ್ಕಿಂತ ಹೆಚ್ಚಾಗಿ ಆಡುವ ಮಾತು ಯಾವುದು? ಯಾರೂ ನಿಂತು ಕೇಳದ ಜನರ ನಡುವೆ ಬದುಕುವವರು ಇನ್ನೇನು ಹೇಳಿಯಾರು, ಇರಲಿ ಬಿಡ್ರಿ ಎನ್ನುತ್ತಾರೆ. ಎಲ್ಲ ಪೆಟ್ಟಿಗೆಗಳ ಮಾತೂ ಒಂದೇ ಕಡೆ ಎಣಿಕೆಗೆ ಸೇರುತ್ತಿದ್ದುದರಿಂದ ಸವರಿಕೆ ಹುಟ್ಟಿಸಿದ ಇರಲಿ ಬಿಡ್ರಿಗಳೂ ಅದರೊಳಕ್ಕೇ ಹೋದವು. ಆ ಮಾತು ಒತ್ತುವರಿ ಮಾಡುತ್ತ ಮಾಡುತ್ತ ಪಕ್ಕದ ಮಾತುಗಳನ್ನೆಲ್ಲ ನುಂಗಿ ಕೂತಿತ್ತು. ಪರೀಕ್ಷೆಯಲ್ಲಿ ಮಾತ್ರ ಪೆಟ್ಟಿಗೆಗೆ ಭಾರಿ ಒಳ್ಳೆಯ ಅಂಕ ಬಂದಿತ್ತು. ತಜ್ಞರ ಎದುರು ಯಾರೂ ಸಿಟ್ಟಾಗಿರಲಿಲ್ಲವಲ್ಲ!

ಚನ್ನವೀರ ಕೇಂದ್ರದ ನಿರ್ದೇಶಕಿ ಡಾಕ್ಟರ್ ಪದ್ಮಿನಿ ಕಾಖಂಡಕಿಯವರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದ. ಅವರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು.

"ಸೋಮವಾರ ಇಡೀ ರಾಜ್ಯಕ್ಕ ಪೆಟ್ಟಿಗಿ ಕೊಡೋ ಕಾರ್ಯಕ್ರಮ ಅದ, ಚನ್ನವೀರ. ಈಗ ಇದನ್ನ ಬಾಯಿ ಬಿಟ್ರ ಯೋಜನಾನೇ ನಿಲ್ಲಿಸ್ತಾರ. ಇದ್ದ ಪೆಟ್ಟಿಗೀನೂ ವಾಪಸ್ ತಗೋತಾರ. ಆ ಮಂದಿ ಮತ್ತ ಮೂಕರಾಗಿ ಕೂಡಬೇಕೇನು?"

"ಮತ್ತ ಏನ್ ಮಾಡೂಣ್ರಿ ಮೇಡಂ?"

"ಕಾರ್ಯಕ್ರಮ ಮುಗೀಲಿ. ಆಮ್ಯಾಲೆ ಸುಮ್ನ ಒಂದ್ ಅಪ್‌ಡೇಟ್ ಕಳಸಿಬಿಡ್ರಿ. ಅವರ ಬೆರಳು ಸುಧಾರಿಸ್ಯಾವ ಅಂತ ಅವರೂ ಖುಷಿ ಪಡ್ತಾರ."

ಪದ್ಮಿನಿ ಕೆಟ್ಟವರಲ್ಲ. ಪೆಟ್ಟಿಗೆ ಹೋದರೆ ಆಗುವ ಅನಾಹುತಕ್ಕೆ ಅವರು ನಿಜವಾಗಿಯೂ ಹೆದರಿದ್ದರು. ಚನ್ನವೀರನ ವಿಷಯ ಬೇರೆ. ಯಾರಾದರೂ ಬಾಯಿ ಮುಚ್ಚಿಕೊಂಡಿರು ಎಂದು ಹೇಳಲಿ ಎಂದೇ ಅವನು ಆ ಕೋಣೆಗೆ ಹೋಗಿದ್ದ. ಹೊರಗೆ ಬರುವಾಗ ಅವನಿಗೆ ಹಗುರವಾಗಿತ್ತು, ಹಗುರವಾದುದಕ್ಕೆ ನಾಚಿಕೆಯೂ ಆಗಿತ್ತು.

ಸಂಜೆ ರಿಪೇರಿಯಾದ ಪೆಟ್ಟಿಗೆಯನ್ನು ಕಸ್ತೂರಿಯ ಕೈಗೆ ಕೊಟ್ಟ. ಸವರಿಕೆ ಅದರೊಳಗೆ ಹಾಗೇ ಇತ್ತು. ಕೊಟ್ಟವನಿಗೆ ತಡೆಯಲಾಗಲಿಲ್ಲ, ಅರ್ಧ ಹೇಳಿದ.

"ಪೆಟ್ಟಿಗ್ಯಾಗೂ ಸ್ವಲ್ಪ ದೋಷ ಇರಬಹುದು ಅನಸ್ತೈತಿ. ಎಲ್ಲಾ ನಿನ್ನ ಬೆರಳಿಂದ ಅಲ್ಲೇನೋ."

ಅವಳು ತಟ್ಟನೆ ತಲೆಯೆತ್ತಿದಳು. ಬೆರಳು ಬಿದ್ದವು. "ಇರಲಿ ಬಿಡ್ರಿ" ಎಂದಿತು ಪೆಟ್ಟಿಗೆ, ಮೆಲ್ಲಗೆ, ಮದುವೆಯಾದ ಹೊಸತರಲ್ಲಿ ಅವಳು ಮಾತಾಡುತ್ತಿದ್ದ ಹಾಗೆ.

ಅವಳ ಬೆರಳಿನ ಕಡೆ ಒಮ್ಮೆ ಕಣ್ಣು ಹಾಯಿಸಿದ್ದರೆ ಅವಳು ನಿಜವಾಗಿ ಏನೆಂದಳು ಎಂಬುದು ಅವನಿಗೆ ತಿಳಿಯುತ್ತಿತ್ತು. ಆ ಭಾಷೆ ಬಲ್ಲವನು ಅವನು. ಆದರೆ ಅವನು ನೀರಿನ ತಂಬಿಗೆಯನ್ನು ನೋಡುತ್ತ ಕೂತ. ಪುಕ್ಕಟೆ ಸಿಕ್ಕ ಕ್ಷಮೆ, ಅದೂ ಹೆಂಡತಿಯ ದನಿಯಲ್ಲಿ, ಯಾರು ಬಿಡುತ್ತಾರೆ? ಪೆಟ್ಟಿಗೆ ಮತ್ತೊಮ್ಮೆ "ಇರಲಿ ಬಿಡ್ರಿ" ಎಂದಿತು, ಇನ್ನೊಮ್ಮೆಯೂ ಎಂದಿತು. ಆಮೇಲೆ ಸದ್ದು ನಿಂತಿತು. ಅವನು ತಿರುಗಿ ನೋಡಿದಾಗ ಕಸ್ತೂರಿ ತನ್ನ ಎರಡೂ ಕೈಗಳನ್ನು ಮುಖದ ಮುಂದೆ ಹಿಡಿದುಕೊಂಡು ಬೆರಳುಗಳನ್ನು ನೋಡುತ್ತಿದ್ದಳು. ರಿಪೇರಿಯಾದ ಪೆಟ್ಟಿಗೆಯೂ ಅದನ್ನೇ ಅಂದ ಮೇಲೆ ತಪ್ಪು ಇನ್ನಾರದು? ಮನೆ ಹಾಳು ಮಾಡಿದ ನೆಂಟರನ್ನು ನೋಡುವ ಹಾಗೆ ನೋಡುತ್ತಿದ್ದಳು.

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಅಡುಗೆಮನೆಗೆ ಹೋದರೆ ಕಸ್ತೂರಿ ಪಾತೇಲಿಯಲ್ಲಿ ಬಿಸಿನೀರು ಹಾಕಿಕೊಂಡು ಬೆರಳು ಅದ್ದಿ ಕೂತಿದ್ದಳು. ಬೆರಳಿನ ಗಂಟುಗಳೆಲ್ಲ ಬಾತಿದ್ದವು. ರಾತ್ರಿಯೆಲ್ಲ ಮೇಜಿನ ಅಂಚಿಗೆ ಮೀಟಿದ್ದಾಳೆಂದು ತಿಳಿಯಲು ಇಂಜಿನಿಯರೇ ಆಗಬೇಕಿರಲಿಲ್ಲ. ಪಕ್ಕದಲ್ಲಿ ರಾಜೀನಾಮೆಯ ಕಾಗದವಿತ್ತು. ಒದ್ದೆ ಕೈ ಒರೆಸಿಕೊಂಡು ಅದಕ್ಕೆ ಒಂದು ಸಾಲು ಬರೆಯುವುದು, ಮತ್ತೆ ಕೈ ನೀರಿಗಿಡುವುದು. ಮೂರನೆಯ ಸಾಲು ಹೀಗಿತ್ತು: ನನ್ನ ಬೆರಳುಗಳು ಇನ್ನು ಸುಧಾರಿಸುವ ಭರವಸೆ ಇಲ್ಲದ ಕಾರಣ.

ಚನ್ನವೀರ ಆ ಸಾಲನ್ನು ಎರಡು ಸಲ ಓದಿದ. ತನ್ನ ಮೇಲೆ ಅವನಿಗೆ ಬಂದಂಥ ಅಸಹ್ಯ ಶತ್ರುವಿನ ಮೇಲೂ ಬರಬಾರದು. ಲ್ಯಾಪ್‌ಟಾಪ್ ತಂದು ಅವಳ ಪೆಟ್ಟಿಗೆಗೆ ಜೋಡಿಸಿ ಸವರಿಕೆಯನ್ನು ಅಳಿಸಿದ. ಒಂದೇ ಒಂದು ಸಾಲು, ಚಿಟಿಕೆ ಹೊಡೆಯುವಷ್ಟರಲ್ಲಿ ಹೋಯಿತು. ಎರಡು ವರ್ಷವೂ ಅದು ಇಷ್ಟೇ ಸುಲಭವಾಗಿತ್ತು.

"ಈಗ ಮೀಟು" ಎಂದ. "ಎಷ್ಟ್ ಜೋರ್ ಬೇಕೋ ಅಷ್ಟ್ ಜೋರ್ ಮೀಟು. ನಿನ್ನ ಬೆರಳು ಒಂದಿನಾನೂ ತಪ್ಪಿಲ್ಲ ಕಸ್ತೂರಿ. ನಾ ತಪ್ಪೀನಿ. ಗೊತ್ತಿದ್ದೂ ನಿನ್ನೆ ಹೇಳ್ಲಿಲ್ಲ."

ಅವಳು ಕೈ ಒರೆಸಿಕೊಂಡಳು. ಬಾತ ಬೆರಳನ್ನು ಕೀಲಿಗಳ ಮೇಲಿಟ್ಟುಕೊಂಡು ಕೂತಳು. ಬೆರಳು ಬಿದ್ದಷ್ಟೇ ಜೋರಾಗಿ ಪೆಟ್ಟಿಗೆ ಮಾತಾಡಿತು. ಅದು ಪಂಕ್ಚರ್ ಅಂಗಡಿಗೆ ಕೇಳುತ್ತಿದ್ದ ದನಿ.

"ಎರಡು ವರ್ಷ ನಾ ನನ್ನ ಬೆರಳಿಗೆ ಶಾಪ ಹಾಕೀನಿ. ಮುರದ್ ಹೋಗ್ಲಿ ಅಂದೀನಿ."

ಚನ್ನವೀರ ಬಾಯಿ ತೆರೆದ. ಅವಳು ಅವನಿಗೆ ಅವಕಾಶ ಕೊಡಲಿಲ್ಲ.

"ಉಳದವರ ಬೆರಳು?"

"ಏನು?"

"ಉಳದವರ ಬೆರಳೂ ಸರಿ ಅದಾವ ಹೌದಲ್ಲ? ಅವರೂ ಹಿಂಗ ಶಾಪ ಹಾಕ್ಕೋತ ಕುಂತಾರ ಹೌದಲ್ಲ?"

ಅವನು ಹೌದೆಂದ. ಸೋಮವಾರ ಕಾರ್ಯಕ್ರಮವಿದೆ, ಮೇಡಂ ಹೀಗೆ ಹೇಳಿದ್ದಾರೆ ಎಂದು ಏನೇನೋ ತೊದಲಿದ. ಕಸ್ತೂರಿ ಕೇಳಿಸಿಕೊಳ್ಳುತ್ತಲೇ ಎದ್ದು ಚಪ್ಪಲಿ ಮೆಟ್ಟಿದಳು. "ನಡೀರಿ" ಎಂದಿತು ಪೆಟ್ಟಿಗೆ. ರಾಜೀನಾಮೆಯ ಕಾಗದ ಮೂರನೆಯ ಸಾಲಿಗೇ ನಿಂತಿತು.

ಕೇಂದ್ರದಲ್ಲಿ ಶನಿವಾರದ ಅಭ್ಯಾಸ ನಡೆದಿತ್ತು. ಹತ್ತು ಹನ್ನೆರಡು ಜನ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ "ಹಗುರ ಬೆರಳು, ಸ್ಪಷ್ಟ ಮಾತು" ಎಂಬ ಫಲಕವಿತ್ತು, ಅದನ್ನು ಬರೆಸಿ ಹಾಕಿದವನು ಚನ್ನವೀರನೇ. ಅವನು ಅದರ ಕೆಳಗೇ ನಿಂತು ಶುರು ಮಾಡಿದ.

"ಎಲ್ಲಾರೂ ಕೇಳ್ರಿ. ಪೆಟ್ಟಿಗ್ಯಾಗ ಒಂದ್ ಸಣ್ಣ ತಾಂತ್ರಿಕ ದೋಷ ಆಗಿತ್ತು..."

ಹಿಂದಿನ ಬೆಂಚಿನಿಂದ ಕಸ್ತೂರಿಯ ಪೆಟ್ಟಿಗೆ ಮಧ್ಯೆ ಬಾಯಿ ಹಾಕಿತು. "ಆಗಿತ್ತು ಅನಬ್ಯಾಡ್ರಿ. ನಾ ಮಾಡೀನಿ ಅನ್ರಿ."

ಎಲ್ಲರೂ ಅವಳ ಕಡೆ ತಿರುಗಿ ನೋಡಿದರು. ಒಂದು ಪೆಟ್ಟಿಗೆ ಅಷ್ಟು ಜೋರಾಗಿ ಮಾತಾಡಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

"ನಾ ಮಾಡೀನಿ" ಎಂದ ಚನ್ನವೀರ. "ಜೋರಾಗಿ ಮೀಟಿದ್ದನ್ನ ನಡುಕ ಅಂತ ತಿಳೀ ಅಂತ ಪೆಟ್ಟಿಗಿಗೆ ನಾನ ಹೇಳಿಕೊಟ್ಟೀನಿ. ನೀವು ಸಿಟ್ಟಿಲೆ ಏನ್ ಅಂದ್ರೂ ಅದು ಬ್ಯಾರೇನ ಹೇಳೇತಿ. ನಿಮ್ಮ ಬೆರಳು ತಪ್ಪಿಲ್ಲ. ತಪ್ಪೈತಿ ಅಂತ ನಾ ಸುಳ್ಳು ಹೇಳೀನಿ."

ಆಮೇಲೆ ಒಬ್ಬೊಬ್ಬರ ಮುಂದೆ ಮೊಣಕಾಲೂರಿ ಕೂತು ಸವರಿಕೆ ಅಳಿಸುತ್ತ ಹೋದ. ಒಬ್ಬ ಹೆಂಗಸು ಅಳಿಸಿದ ಕೂಡಲೇ ಅವನಿಗೆ ಬಾಯಿಗೆ ಬಂದಂತೆ ಬೈದಳು, ಪೆಟ್ಟಿಗೆ ಒಂದು ಅಕ್ಷರವನ್ನೂ ಬಿಡದೆ ಹೇಳಿತು. ಅವನಿಗೆ ಅದು ಒಂದು ಬಗೆಯ ಸಮಾಧಾನ. ಬೈಸಿಕೊಂಡರೆ ಋಣ ತೀರುತ್ತದೆ ಎಂಬ ಆಸೆ ಯಾರನ್ನು ಬಿಟ್ಟಿದೆ?

ಕೊನೆಯಲ್ಲಿ ಕೂತಿದ್ದವರು ಫಕೀರಪ್ಪ. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು, ಗಂಟಲಿಗೆ ರುಮಾಲು ಸುತ್ತಿಕೊಂಡಿದ್ದರು. ಅವರು ಬೈಯಲಿಲ್ಲ. ಸವರಿಕೆ ಅಳಿಸಿದ ಮೇಲೆ ಒಂದೊಂದಾಗಿ, ಸಾವಕಾಶವಾಗಿ ಮೀಟಿದರು.

"ನನ್ನ ತಮ್ಮ ಹನಮಂತ. ಹೊಲದ ಜಗಳದಾಗ ಮಾತು ಬಿಟ್ಟಿದ್ವಿ. ಯುಗಾದಿ ಮುಂದ ತಾನಾಗೇ ಫೋನ್ ಮಾಡಿದ. ಅಣ್ಣಾ, ನೋಡಾಕ ಬರ್ಲೇನು ಅಂದ."

ಚನ್ನವೀರ ಮೊಣಕಾಲ ಮೇಲೇ ಇದ್ದ. ಬಾಗಿಲಲ್ಲಿ ಪದ್ಮಿನಿ ಬಂದು ನಿಂತಿದ್ದರು, ಒಳಗೆ ಬರಲಿಲ್ಲ.

"ನಾ ಬಾ ಅಂದೆ. ಪೆಟ್ಟಿಗಿ ಇರಲಿ ಬಿಡ್ರಿ ಅಂತು. ಬೆರಳು ತಪ್ಪೇತಿ ಅಂತ ಇನ್ನೂ ಜೋರಾಗಿ ಬಾ ಅಂದೆ. ಮತ್ತ ಅದನ್ನ ಅಂತು. ಸ್ವಂತ ತಮ್ಮಗ ಬಿಡ್ರಿ ಅಂತ ಯಾರರೆ ಅಂತಾರೇನ್ರಿ? ಅವ ಫೋನ್ ಇಟ್ಟ."

"ಮತ್ತ ಯಾರ ಕಡಿಂದರೆ ಹೇಳಿ ಕಳಿಸಬೇಕಿತ್ತಲ್ರಿ, ಕಾಕಾ" ಎಂದ ಚನ್ನವೀರ.

"ಬ್ಯಾರೇದವರ ಬಾಯಿಲೆ ಯಾಕ? ಬಾ ಅನ್ನೂದನ್ನ ಸರಿಯಾಗಿ ಕಲತು ನಾನ ಅನಬೇಕಂತ ಪ್ರ್ಯಾಕ್ಟೀಸ್ ಮಾಡಿದೆ. ದಿನಾ ಮಾಡಿದೆ. ಹಗುರಕ ಮೀಟಿದ್ರ ಬರ್ತಿತ್ತು. ಅವನ ನೆನಪಾದ ಕೂಡ್ಲೆ ಬೆರಳು ಜೋರಾಗ್ತಿತ್ತು. ಕಲಿಯೂದ್ರೊಳಗ ಅವ ಹೋದ. ಎದಿ ನೋವು."

ಫಕೀರಪ್ಪ ರುಮಾಲಿನಿಂದ ಕಣ್ಣೊರೆಸಿಕೊಂಡು ಚನ್ನವೀರನ ಮುಖ ನೋಡಿದರು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ತಡೆದುಕೊಳ್ಳಲು ಆಗುತ್ತಿತ್ತು.

"ಈಗ ಬರೋಬ್ಬರಿ ಆಗೇತೇನ್ರಿ?" ಎಂದು ಕೇಳಿತು ಪೆಟ್ಟಿಗೆ.

"ಆಗೇತ್ರಿ."

ಅವರು ನೆಟ್ಟಗೆ ಕೂತು, ಬೆರಳುಗಳನ್ನು ಎತ್ತಿ, ಮೈಯ ಭಾರವನ್ನೆಲ್ಲ ಹಾಕಿ ಮೀಟಿದರು. "ಬಾ" ಎಂದಿತು ಪೆಟ್ಟಿಗೆ, ಚೊಕ್ಕವಾಗಿ. ಮತ್ತೆ ಮೀಟಿದರು. "ಬಾ." ಇನ್ನೂ ಜೋರಾಗಿ ಮೀಟಿದರು. "ಬಾ." ನಿಲ್ಲಿಸಿ ಎನ್ನುವ ಧೈರ್ಯ ಆ ಕೋಣೆಯಲ್ಲಿ ಯಾರಿಗೂ ಬರಲಿಲ್ಲ, ಚನ್ನವೀರನಿಗಂತೂ ಹಾಗೆನ್ನುವ ಹಕ್ಕೇ ಇರಲಿಲ್ಲ. ಅವನು ಮೊಣಕಾಲ ಮೇಲೆ ಕೂತೇ ಇದ್ದ, ಅವರು ಮೀಟುತ್ತಲೇ ಇದ್ದರು.